ನೆಲದ ಟಿಕೆಟಿನ ಆಟ

ಗದ್ದೆಯಲ್ಲೋ ಮೈದಾನದಲ್ಲೋ ಬಟ್ಟೆಯ ಡೇರೆ ಹಾಕಿ, ಬಾಗಿಲಲ್ಲಿ ಟಿಕೆಟ್ ಹರಿದು, ಬೆಳಗಿನವರೆಗೆ ಆಟ ಆಡುವ ಯಕ್ಷಗಾನ ತಂಡಕ್ಕೆ ಡೇರೆ ಮೇಳ ಎಂದು ಹೆಸರು. ಗಂಗೊಳ್ಳಿ, ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯಲ್ಲಿ ಈಗ ಐವತ್ತು ದಾಟಿದವರನ್ನು ಹರೆಯದ ರಾತ್ರಿಗಳ ಬಗ್ಗೆ ಕೇಳಿದರೆ ಮಾತು ಬಹಳ ಸಲ ಈ ಡೇರೆಗೇ ಬಂದು ನಿಲ್ಲುತ್ತದೆ. ಕೂರಲು ಸರಿಯಾದ ಜಾಗವಿಲ್ಲದ, ಧೂಳು, ಬೀಡಿ ಹೊಗೆ ಮತ್ತು ಡೀಸೆಲ್ ವಾಸನೆ ತುಂಬಿದ, ಚಂಡೆಯ ಪೆಟ್ಟಿಗೆ ಎದೆ ನಡುಗುವ ಸ್ಥಳ ಅದು. ಅದನ್ನು ನೆನೆಯುವವರು ಈ ಕಷ್ಟಗಳನ್ನು ಬಿಟ್ಟು ಹೇಳುವುದಿಲ್ಲ. ಅವುಗಳ ಸಮೇತವೇ ಹೇಳುತ್ತಾರೆ.

ಯಕ್ಷಗಾನದ ಹಳೆಯ ರೂಪ ಬಯಲಾಟ. ದೇವಸ್ಥಾನದ ಹೆಸರಿನ ಮೇಳ ಹರಕೆ ಹೊತ್ತವರ ಮನೆಯಂಗಳಕ್ಕೋ ಗದ್ದೆಗೋ ಬಂದು ಆಡುತ್ತದೆ, ನೋಡಲು ಹಣವಿಲ್ಲ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ ಮೇಳಗಳು ಇಂದಿಗೂ ಹೀಗೆಯೇ ತಿರುಗಾಟ ಮಾಡುತ್ತವೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಇದರ ಪಕ್ಕದಲ್ಲೇ ಟಿಕೆಟಿನ ಮೇಳಗಳು ಬೆಳೆದವು. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಕೋಟದ ಅಮೃತೇಶ್ವರಿ, ಸಾಲಿಗ್ರಾಮ, ಪೆರ್ಡೂರು ಮೇಳಗಳ ಹೆಸರು ಮನೆಮಾತಾಯಿತು. ಹಣ ಕೊಟ್ಟು ಒಳಗೆ ಬಂದವನು ಹರಕೆಯ ಆಟದ ಪ್ರೇಕ್ಷಕನಂತಲ್ಲ. ಪದ್ಯ ಹಿಡಿಸದಿದ್ದರೆ ಎದ್ದು ಚಾ ಕುಡಿಯಲು ಹೋಗುತ್ತಾನೆ, ಹಿಡಿಸಿದರೆ ಮುಂದಿನ ಊರಿನ ಡೇರೆಗೂ ಹೋಗುತ್ತಾನೆ. ಪದ್ಯ ಹಾಡುವ ಭಾಗವತರಿಗೂ ವೇಷಧಾರಿಗಳಿಗೂ ಸಿನಿಮಾ ನಟರಿಗೆ ಸಿಗುವಂಥ ಅಭಿಮಾನಿಗಳು ಹುಟ್ಟಿಕೊಂಡದ್ದು ಇಲ್ಲಿಂದ.

ಮೇಳದ ತಿರುಗಾಟ ದೀಪಾವಳಿಯ ನಂತರ ಶುರುವಾಗಿ ಮೇ ತಿಂಗಳಲ್ಲಿ ಬರುವ ಪತ್ತನಾಜೆ ಎಂಬ ದಿನದವರೆಗೆ ನಡೆಯುತ್ತದೆ. ಕೊಯ್ಲಾದ ಗದ್ದೆಯಲ್ಲಿ ಬೆಳಿಗ್ಗೆ ಲಾರಿಯಿಂದ ಕಂಬ, ಹಗ್ಗ, ಬಟ್ಟೆ ಇಳಿಯುತ್ತಿದ್ದವು. ಮಧ್ಯಾಹ್ನ ಧ್ವನಿವರ್ಧಕ ಕಟ್ಟಿದ ಕಾರು ಕೇರಿ ಕೇರಿ ಸುತ್ತಿ ಪ್ರಸಂಗದ ಹೆಸರು, ಕಲಾವಿದರ ಹೆಸರು ಕೂಗುತ್ತಿತ್ತು; ಹಿಂದೆ ಓಡಿದ ಮಕ್ಕಳಿಗೆ ಬಣ್ಣದ ಹ್ಯಾಂಡ್‌ಬಿಲ್ಲು ಸಿಗುತ್ತಿತ್ತು. ಸಂಜೆಯ ಹೊತ್ತಿಗೆ ಡೇರೆ ನಿಂತಿರುತ್ತಿತ್ತು. ಒಳಗೆ ದರದ ಪ್ರಕಾರ ವಿಂಗಡಣೆ: ನೆಲ, ಬೆಂಚು, ಕುರ್ಚಿ, ಎಲ್ಲಕ್ಕಿಂತ ದುಬಾರಿಯಾದ ಆರಾಮ ಕುರ್ಚಿ. ನೆಲದ ಟಿಕೆಟಿನವರು ಮನೆಯಿಂದ ಚಾಪೆ ತಂದು ಕೊಯ್ದ ಪೈರಿನ ಕೂಳೆಯ ಮೇಲೆ ಹಾಸುತ್ತಿದ್ದರು. ಚಾಪೆಯ ಒಂದು ತುದಿಯಲ್ಲಿ ಮಕ್ಕಳು ನಿದ್ದೆ ಹೋಗುತ್ತಿದ್ದರು, ರಾಕ್ಷಸರ ಬಣ್ಣದ ವೇಷ ಬರುವಾಗ ಅವರನ್ನು ಎಬ್ಬಿಸಬೇಕೆಂಬ ಕರಾರು ಮೊದಲೇ ಆಗಿರುತ್ತಿತ್ತು. ಡೇರೆಯ ಹೊರಗೆ ಚುರುಮುರಿ, ನೆಲಗಡಲೆ, ಗೋಳಿಬಜೆ, ಸೋಡಾದ ಅಂಗಡಿಗಳು. ಟಿಕೆಟಿಗೆ ದುಡ್ಡು ಸಾಲದ ಹುಡುಗರು ಅಲ್ಲಿಯೇ ನಿಂತು ಪದ್ಯ ಕೇಳುತ್ತಿದ್ದರು. ಡೇರೆಯ ಬಟ್ಟೆ ಎತ್ತಿ ಒಳಗೆ ನುಸುಳುವವರೂ ಅವರಲ್ಲಿ ಇರುತ್ತಿದ್ದರು.

ಗಂಗೊಳ್ಳಿಯವರ ಮಟ್ಟಿಗೆ ಆಟಕ್ಕೆ ಹೋಗುವುದೇ ಒಂದು ಪ್ರಯಾಣ. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಕಿ ಎಂಬ ಐದು ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಯ ಒಂದು ದಡದಲ್ಲಿ ಗಂಗೊಳ್ಳಿ, ಇನ್ನೊಂದು ದಡದಲ್ಲಿ ಕುಂದಾಪುರ. ನೀರಿನ ಮೇಲೆ ಕಣ್ಣಳತೆಯ ದೂರ, ರಸ್ತೆಯಲ್ಲಿ ಮಾತ್ರ ಹೆಮ್ಮಾಡಿ, ತಲ್ಲೂರು ಸುತ್ತಿ ಬರಬೇಕು. ದೋಣಿ ಓಡುತ್ತಿದ್ದ ಕಾಲದಲ್ಲಿ ಕುಂದಾಪುರದ ನೆಹರು ಮೈದಾನಕ್ಕೆ ಡೇರೆ ಬಂತೆಂದರೆ ಸಂಜೆಯ ದೋಣಿಯಲ್ಲಿ ದಾಟಿ, ಬೆಳಗಿನ ದೋಣಿಯಲ್ಲಿ ಮರಳುವುದು ರೂಢಿ. ಆಟ ಇರುಳಿಡೀ ನಡೆಯುವುದಕ್ಕೆ ಶಾಸ್ತ್ರದ ಕಾರಣ ಏನೇ ಇರಲಿ, ಕರಾವಳಿಯ ಹಳ್ಳಿಗಳಿಗೆ ಇದೂ ಒಂದು ಕಾರಣವೇ: ನಡುರಾತ್ರಿ ಆಟ ಮುಗಿದರೆ ಮನೆಗೆ ಹೋಗಲು ಬಸ್ಸೂ ಇಲ್ಲ, ದೋಣಿಯೂ ಇಲ್ಲ. ಹಗಲಿಡೀ ಕಡಲಲ್ಲಿ ದುಡಿದ ಮೀನುಗಾರರು ರಾತ್ರಿಯಿಡೀ ಡೇರೆಯಲ್ಲಿ ಕೂತು, ಮಂಗಳ ಪದ್ಯ ಮುಗಿದ ಮೇಲೆ ನೇರ ಬಂದರಿಗೆ ಇಳಿದ ಕಥೆಗಳು ಈ ದಡದಲ್ಲಿ ಧಾರಾಳವಾಗಿವೆ.

ರಾತ್ರಿಗೊಂದು ಕ್ರಮವಿತ್ತು. ಮೊದಲು ವೇಷ ಕಟ್ಟುವ ಚೌಕಿಯಲ್ಲಿ ಪೂಜೆ. ಆಟವಿದೆ ಎಂದು ಸುತ್ತಲ ಊರಿಗೆ ಸಾರಲು ಚಂಡೆ ಮದ್ದಳೆಯ ಕೇಳಿ. ಆಮೇಲೆ ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ, ಪಾತ್ರಗಳ ಪ್ರವೇಶವಾದ ಒಡ್ಡೋಲಗ. ಈ ಆರಂಭದ ಭಾಗಕ್ಕೆ ಕಲಿಯುತ್ತಿರುವ ಭಾಗವತರು ಹಾಡುತ್ತಿದ್ದರು. ಮುಖ್ಯ ಭಾಗವತರು ಬಂದು ಕೂರುವುದು ರಾತ್ರಿ ಸಾಕಷ್ಟು ಏರಿದ ಮೇಲೆ. ಅವರು ತಾಳ ಕೈಗೆತ್ತಿಕೊಂಡಾಗ ಡೇರೆಯೊಳಗೆ ಆಗುತ್ತಿದ್ದ ಬದಲಾವಣೆ ನೋಡಿದವರಿಗೇ ಗೊತ್ತು: ಚಾ ಅಂಗಡಿಯವರು ಕೂಡ ಒಳಗೆ ಇಣುಕುತ್ತಿದ್ದರು, ಮಲಗಿದವರು ಎದ್ದು ಕೂರುತ್ತಿದ್ದರು. ಯಕ್ಷಗಾನದಲ್ಲಿ ಆಟದ ಹಿಡಿತ ಹಾಡುವವನ ಕೈಯಲ್ಲಿದೆ. ಪದ್ಯವನ್ನು ಎಷ್ಟು ಎಳೆಯಬೇಕು, ಎಲ್ಲಿ ಕಾಲ ಏರಿಸಬೇಕು, ವೇಷಧಾರಿಗೆ ಎಲ್ಲಿ ಬಿಡಬೇಕು ಎಂಬುದನ್ನು ಭಾಗವತ ಅಲ್ಲಿಯೇ, ಎದುರಿನ ಜನರ ಮುಖ ನೋಡಿ ನಿರ್ಧರಿಸುತ್ತಾನೆ. ಆದ್ದರಿಂದ ಒಂದೇ ಪ್ರಸಂಗ ಎರಡು ಊರಿನಲ್ಲಿ ಒಂದೇ ರೀತಿ ಆಗುವುದಿಲ್ಲ. ನಿನ್ನೆ ತ್ರಾಸಿಯಲ್ಲಿ ನೋಡಿದ ಆಟವನ್ನೇ ನಾಳೆ ಬೈಂದೂರಿಗೆ ಹೋಗಿ ಮತ್ತೆ ನೋಡುವ ಹುಚ್ಚಿಗೆ ಅರ್ಥವಿರುವುದು ಇದರಿಂದಲೇ.

ಆ ಹುಚ್ಚು ತುತ್ತತುದಿ ಮುಟ್ಟಿದ್ದು 1980ರ ದಶಕದಲ್ಲಿ, ಗುಂಡ್ಮಿ ಕಾಳಿಂಗ ನಾವಡರ ಕಾಲದಲ್ಲಿ. 1958ರಲ್ಲಿ ಹುಟ್ಟಿದ ನಾವಡರು ಭಾಗವತ ರಾಮಚಂದ್ರ ನಾವಡರ ಮಗ, ಹಿರಿಯ ಭಾಗವತ ನಾರಣಪ್ಪ ಉಪ್ಪೂರರ ಶಿಷ್ಯ. ಎತ್ತರದ ಕಂಠ, ಹಿಂದುಸ್ತಾನಿ ರಾಗಗಳ ಬಳಕೆ, ಪದ್ಯವನ್ನು ಓಡಿಸುವ ವೇಗ, ಇವೆಲ್ಲ ಸೇರಿ ಬಡಗುತಿಟ್ಟಿನ ಹಾಡಿಕೆಯ ದಾರಿಯನ್ನೇ ಅವರು ತಿರುಗಿಸಿದರು. ಅವರೇ ಬರೆದ ‘ನಾಗಶ್ರೀ’ ಪ್ರಸಂಗ ಸಾಲಿಗ್ರಾಮ ಮೇಳದ ಡೇರೆಗೆ ಜನಸಾಗರ ತಂದಿತು. ಕಾಲೇಜು ಹುಡುಗರು ವೇಷ ನೋಡಲಿಕ್ಕಿಂತ ಹೆಚ್ಚಾಗಿ ಪದ್ಯ ಕೇಳಲು ಬಂದರು. ಕ್ಯಾಸೆಟ್ಟುಗಳು ಬಸ್ಸಿನಲ್ಲಿ, ಹೋಟೆಲಿನಲ್ಲಿ, ದೋಣಿಯಲ್ಲಿ ಹಾಡಿದವು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ನಾವಡರು ತೀರಿಕೊಂಡರು. ಮೂವತ್ತರ ಆಸುಪಾಸಿನ ಪ್ರಾಯ. ಕರಾವಳಿಯ ಒಂದು ತಲೆಮಾರು ತನ್ನ ಡೇರೆಯ ನೆನಪುಗಳನ್ನು ನಾವಡರು ಇದ್ದಾಗ, ನಾವಡರು ಹೋದ ಮೇಲೆ ಎಂದು ಇಂದಿಗೂ ಎರಡಾಗಿ ಭಾಗ ಮಾಡುತ್ತದೆ.

ಹಾಡಿನ ಸೆಳೆತ ನಾವಡರದಾದರೆ ರಂಗಸ್ಥಳದ ಮೇಲಿನ ಸೆಳೆತ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರದು. ಹೊನ್ನಾವರದ ಕಡೆಯಿಂದ ಬಂದ ಅವರ ಭಸ್ಮಾಸುರ, ಕೀಚಕ, ದುಷ್ಟಬುದ್ಧಿ ಪಾತ್ರಗಳಿಗಾಗಿ ಜನ ನಿದ್ದೆಗೆಟ್ಟು ಕಾದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2017ರಲ್ಲಿ ನಿಧನರಾದರು. ಜೋಡಾಟದ ರಾತ್ರಿಗಳದ್ದು ಇನ್ನೊಂದು ರಂಗು: ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಎರಡು ಮೇಳಗಳು ಒಂದೇ ಹೊತ್ತಿಗೆ ಆಡುತ್ತವೆ. ಎರಡೂ ಕಡೆಯ ಚಂಡೆ ಒಂದನ್ನೊಂದು ಮೀರಿಸಲು ಹೊರಡುತ್ತದೆ. ಗೆದ್ದವರು ಯಾರೆಂಬ ಜಗಳ ವರ್ಷಗಟ್ಟಲೆ ಮುಗಿಯುವುದಿಲ್ಲ.

ಡೇರೆಯನ್ನು ಒಪ್ಪದವರೂ ಇದ್ದರು. ಕೋಟದವರೇ ಆದ ಶಿವರಾಮ ಕಾರಂತರು ಅವರಲ್ಲಿ ಮುಖ್ಯರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಟಿಕೆಟಿನ ಮೇಳಗಳು ವೇಷಭೂಷಣ, ಹಾಡು, ಕಥೆಗಳನ್ನು ಮಾರುಕಟ್ಟೆಗೆ ಬಗ್ಗಿಸಿದವು ಎಂಬುದು ಅವರ ಅಸಮಾಧಾನ. ಅದರಲ್ಲಿ ಸತ್ಯವಿದೆ. ವರ್ಷವರ್ಷವೂ ಬಂದ ಹೊಸ ಪ್ರಸಂಗಗಳಲ್ಲಿ ಬಹಳಷ್ಟು ಸಿನಿಮಾದ ನೆರಳಿನವು, ಈಗ ಯಾರಿಗೂ ನೆನಪಿಲ್ಲ. ಆದರೆ ನಾವಡರಂಥ ಗಾಯಕನಿಗೆ ದಿನವೂ ಹೊಸ ಊರು, ದಿನವೂ ಹೊಸ ಕಿವಿ ಸಿಕ್ಕಿದ್ದು ಇದೇ ಡೇರೆಯಲ್ಲಿ. ಆ ಲಾಭವನ್ನು ಲೆಕ್ಕದಿಂದ ಬಿಡುವುದು ಅನ್ಯಾಯ.

ಬೇರೆ ಸಂಗೀತಗಳ ಚರಿತ್ರೆಯಲ್ಲೂ ಇಂಥ ಸ್ಥಳಗಳಿವೆ. ಲಿವರ್‌ಪೂಲಿನ ಕ್ಯಾವರ್ನ್ ಎಂಬ ನೆಲಮಾಳಿಗೆಯಲ್ಲಿ, ಬೆವರಿಳಿಯುವ ಗೋಡೆಗಳ ನಡುವೆ, ಬೀಟಲ್ಸ್ ಹುಡುಗರು 1961ರಿಂದ 1963ರವರೆಗೆ ನೂರಾರು ಸಲ ನುಡಿಸಿ ಪಳಗಿದರು. ನ್ಯೂಯಾರ್ಕಿನ ಸಿಬಿಜಿಬಿ ಎಂಬ ಕೊಳಕು ಕ್ಲಬ್ಬು 1973ರಿಂದ 2006ರವರೆಗೆ ಬಾಳಿ ಪಂಕ್ ರಾಕಿನ ತೊಟ್ಟಿಲಾಯಿತು. ಬೆಂಗಳೂರಿನ ಇಂದಿರಾನಗರದಲ್ಲಿ ಹೊಸ ಬ್ಯಾಂಡುಗಳಿಗೆ ವೇದಿಕೆ ಕೊಟ್ಟ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿದಾಗ ಅಲ್ಲಿಗೆ ಹೋಗುತ್ತಿದ್ದವರು ಮರುಗಿದ್ದು ಡೇರೆ ಎದ್ದುಹೋದ ಊರಿನವರ ಮರುಕದಂತೆಯೇ. ಎಲ್ಲ ಕಡೆಯೂ ಅಗ್ಗದ ಪ್ರವೇಶ, ಕಲಾವಿದನ ಬೆವರು ಕಾಣುವಷ್ಟು ಸಮೀಪ, ಕಿವಿ ಗಡಚಿಕ್ಕುವ ಸದ್ದು. ದೊಡ್ಡ ಸಭಾಂಗಣಕ್ಕೆ ಈ ಮೂರನ್ನೂ ಒಟ್ಟಿಗೆ ಕೊಡಲಾಗುವುದಿಲ್ಲ.

ಡೇರೆ ಕುಗ್ಗಿದ್ದು ಒಂದೇ ದಿನದಲ್ಲಲ್ಲ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬಂತು, ಮರುವರ್ಷ ಮಹಾಭಾರತ. ಪುರಾಣದ ಕಥೆ ಮನೆಯ ಚಾವಡಿಯಲ್ಲೇ ಸಿಕ್ಕಿತು. ಲಾರಿ, ಡೀಸೆಲ್, ಸಂಬಳದ ಖರ್ಚು ಏರಿತು. ಊರಿನ ಯುವಕರು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಿಗೆ ಹೋದರು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಹಾಕಿದವು. ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಧರ್ಮಸ್ಥಳ ಮೇಳದಂಥ ಹಳೆಯ ಮೇಳವೂ ಕಾಲಮಿತಿಯ ಆಟಕ್ಕೆ ಬದಲಾಯಿತು. ಬಡಗಿನಲ್ಲಿ ಸಾಲಿಗ್ರಾಮ, ಪೆರ್ಡೂರು ಮೇಳಗಳು ತಿರುಗಾಟ ಮುಂದುವರಿಸಿವೆ, ಆದರೆ ಸಂಘ ಸಂಸ್ಥೆಗಳೋ ದಾನಿಗಳೋ ಹಣ ಕೊಟ್ಟು ಆಡಿಸುವ ಕಂಟ್ರಾಕ್ಟ್ ಆಟಗಳು ಹೆಚ್ಚಿವೆ. ಜನ ಉಚಿತವಾಗಿ ಬರುತ್ತಾರೆ, ನಡುವೆ ಎದ್ದು ಹೋಗುತ್ತಾರೆ, ಮೊಬೈಲಿನಲ್ಲಿ ಒಂದು ಪದ್ಯ ಹಿಡಿದುಕೊಳ್ಳುತ್ತಾರೆ. ಟಿಕೆಟ್ ಕೊಂಡು, ಬೆಳಗಿನವರೆಗೆ ಕೂತು, ಮರುದಿನ ಕಟ್ಟೆಯ ಮೇಲೆ ಪದ್ಯ ಪದ್ಯವನ್ನೂ ತೂಗಿ ನೋಡುತ್ತಿದ್ದ ಪ್ರೇಕ್ಷಕ ಕಡಿಮೆಯಾದದ್ದೇ ಈ ಕಲೆಗೆ ಆದ ದೊಡ್ಡ ನಷ್ಟ.

ಆ ಪ್ರೇಕ್ಷಕರಲ್ಲಿ ಅನೇಕರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕಪಾಟುಗಳಲ್ಲಿ ಹಳೆಯ ಹ್ಯಾಂಡ್‌ಬಿಲ್ಲು, ಟಿಕೆಟಿನ ತುಂಡು, ಡೇರೆಯಲ್ಲೇ ಟೇಪ್ ರೆಕಾರ್ಡರ್ ಹಿಡಿದು ಮಾಡಿಕೊಂಡ ಕ್ಯಾಸೆಟ್ಟುಗಳಿರುತ್ತವೆ. ಕ್ಯಾಸೆಟ್ಟಿನ ಪಟ್ಟಿ ಕರಾವಳಿಯ ತೇವಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಅಂಥದ್ದು ಇದ್ದರೆ ಈ ಮಳೆಗಾಲಕ್ಕೆ ಮೊದಲೇ ಡಿಜಿಟಲ್ ಪ್ರತಿ ಮಾಡಿಸಿ. ಯಾವ ಊರು, ಯಾವ ವರ್ಷ, ಯಾರ ಪದ್ಯ ಎಂದು ಹಿರಿಯರನ್ನು ಕೇಳಿ ಬರೆದಿಡಿ.