ದುರ್ಗದ ಬುಡದಲ್ಲಿ ರೋಮಿನ ಬೆಳ್ಳಿ

ಹೊಸಪೇಟೆಯ ಚಿತ್ತವಾಡ್ಗಿಯವರಿಗೆ ಹಳೇ ಕಾಲವೆಂದರೆ ಹಂಪಿಯೇ. ಬಂದ ನೆಂಟರಿಗೆ ವಿರೂಪಾಕ್ಷನ ಗುಡಿ, ವಿಜಯವಿಠಲನ ಕಲ್ಲಿನ ತೇರು ತೋರಿಸಿದರೆ ಇತಿಹಾಸ ಮುಗಿಯಿತು. ವಿಜಯನಗರಕ್ಕೂ 1,300 ವರ್ಷ ಹಿಂದಿನ ವ್ಯಾಪಾರದ ಗುರುತು ನೋಡಬೇಕೆಂದರೆ ಕೂಡ್ಲಿಗಿ ದಾಟಿ ಚಿತ್ರದುರ್ಗಕ್ಕೆ ಹೋಗಬೇಕು.

ದುರ್ಗಕ್ಕೆ ಹೋದವರೂ ಏಳು ಸುತ್ತಿನ ಕೋಟೆ ಹತ್ತಿ, ಓಬವ್ವನ ಕಿಂಡಿ ನೋಡಿ, ಫೋಟೊ ತೆಗೆದುಕೊಂಡು ಬಸ್ ಹಿಡಿಯುತ್ತಾರೆ. ಅದೇ ಗುಡ್ಡಗಳ ಮಗ್ಗುಲಲ್ಲಿದೆ ಚಂದ್ರವಳ್ಳಿ ಕಣಿವೆ: ಒಂದು ಕೆರೆ, ಭೈರವೇಶ್ವರನ ಗುಡಿ, ಅಂಕಲಿ ಮಠದ ಗವಿ. ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನವಿದೆ. ಶಾಸನಕ್ಕೂ ಹಿಂದಿನ ಸಂಗತಿಗಳು ಮಣ್ಣಿನೊಳಗಿದ್ದವು. 1929ರ ಸುಮಾರಿಗೆ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಇಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮತ್ತೆ ಅಗೆದರು. ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿಯ ದಿನಾರಿ ನಾಣ್ಯಗಳು ಸಿಕ್ಕಿದ್ದು ಈ ನೆಲದಲ್ಲೇ.

ಸಮುದ್ರ ಎಲ್ಲಿ, ದುರ್ಗ ಎಲ್ಲಿ! ಕಡಲಾಚೆಯ ಬೆಳ್ಳಿ ಇಲ್ಲಿಗೆ ಬಂದದ್ದೇ ಅಚ್ಚರಿ. ಆದರೆ ವೀಲರ್‌ಗೆ ಬೇಕಿದ್ದುದು ಬೆಳ್ಳಿಯಲ್ಲ, ತಾರೀಖು. ದಕ್ಷಿಣದಲ್ಲಿ ಮಡಕೆ ಚೂರು, ಕಲ್ಲುಗೋರಿಗಳು ಬೇಕಾದಷ್ಟಿದ್ದವು; ಯಾವ ಕಾಲದವು ಎನ್ನಲು ಆಧಾರವೇ ಸಾಲದಾಗಿತ್ತು. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ, ಇಟಲಿಯಿಂದ ಬಂದ ಕೆಂಪು ಮಡಕೆಗಳ ಜೊತೆಗೆ, ಅವರಿಗೊಂದು ಬಗೆಯ ತಟ್ಟೆಯ ಚೂರುಗಳು ಕಂಡಿದ್ದವು. ನಯವಾದ ಮೈ, ಒಳತಳದಲ್ಲಿ ಉಗುರಿನ ತುದಿ ಒತ್ತಿದಂಥ ಪುಟ್ಟ ಕಚ್ಚುಗಳು, ಸುತ್ತಿನೊಳಗೆ ಸುತ್ತಾಗಿ. ಇಟಲಿಯ ಮಡಕೆಗಳ ಕಾಲ ಗೊತ್ತಿತ್ತು. ಅಂಥದೇ ತಟ್ಟೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಸಿಕ್ಕಾಗ, ಅವು ಸಿಕ್ಕ ಮಣ್ಣಿನ ಪದರಕ್ಕೆ ಕ್ರಿ.ಶ. ಒಂದನೇ ಶತಮಾನವೆಂಬ ಗುರುತು ಬಿತ್ತು. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ, ಅವನ ನಾಣ್ಯವೂ ಅದಕ್ಕೆ ಹೊಂದಿತು. ಕಲ್ಲುಗೋರಿಗಳ ಕಾಲವನ್ನು ವೀಲರ್ ಲೆಕ್ಕ ಹಾಕಿದ್ದು ಇದರಿಂದ ಹಿಂದಕ್ಕೆ ಎಣಿಸುತ್ತಾ.

ಆ ಲೆಕ್ಕ ಪೂರ್ತಿ ನಿಲ್ಲಲಿಲ್ಲ ಅನ್ನಿ. ಆ ತಟ್ಟೆಗಳು ಭಾರತದ ಮಣ್ಣಿನವೇ, ಕ್ರಿಸ್ತಪೂರ್ವದಲ್ಲೇ ಬಳಕೆಯಲ್ಲಿದ್ದವು ಎಂಬುದು ಈಚಿನವರ ಅಭಿಪ್ರಾಯ. ಕಲ್ಲುಗೋರಿಗಳೂ ಶತಮಾನಗಳಷ್ಟು ಹಿಂದಕ್ಕೆ ಸರಿದಿವೆ.

ಇನ್ನು ಆ ಬೆಳ್ಳಿಯ ಮಾತು. ಭಾರತದ ಸರಕಿಗೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಸುರಿಯಬೇಕಾಗಿದೆ ಎಂದು ರೋಮಿನ ಲೇಖಕ ಪ್ಲಿನಿ ಕ್ರಿ.ಶ. ಒಂದನೇ ಶತಮಾನದಲ್ಲೇ ಗೊಣಗಿದ್ದ. ಮೆಣಸು, ಮುತ್ತು, ನವಿರು ಬಟ್ಟೆ ಕೊಂಡ ಆ ಹಣದ ಚೂರುಪಾರು ಕೈಯಿಂದ ಕೈಗೆ ದಾಟಿ ಈ ಕಣಿವೆಗೂ ಬಂದಿರಬೇಕು. ಶಾತವಾಹನರ ಕಾಲದ ಸೀಸದ ನಾಣ್ಯಗಳೂ ಇಲ್ಲೇ ಸಿಕ್ಕಿವೆ. ಸಂತೆಯ ಚಿಲ್ಲರೆ ವ್ಯವಹಾರ ನಡೆದದ್ದು ಬಹುಶಃ ಅವುಗಳಲ್ಲೇ; ರೋಮಿನ ಬೆಳ್ಳಿ ದೊಡ್ಡ ಸಾಹುಕಾರರ ಪೆಟ್ಟಿಗೆಯದಿದ್ದೀತು.