ಮೊಬೈಲ್ ಆಟಕ್ಕೆ ತಲೆ ಸುತ್ತುವುದೇಕೆ?

ಬೀಡಿಯ ನಮ್ಮ ದವಾಖಾನೆಗೆ ಬೇಸಿಗೆಯ ರಜೆಯಲ್ಲಿ ತಾಯಿಯೊಬ್ಬರು ಹದಿಮೂರು ವರ್ಷದ ಮಗನನ್ನು ಕರೆತಂದಿದ್ದರು. ಮೊಬೈಲಿನಲ್ಲಿ ಕಾರು ಓಡಿಸುವ ಆಟವನ್ನು ಅರ್ಧ ತಾಸು ಆಡಿದರೆ ಅವನಿಗೆ ತಲೆಸುತ್ತು, ವಾಕರಿಕೆ. ಅದೇ ಮೊಬೈಲಿನಲ್ಲಿ ಎರಡು ತಾಸು ಸಿನಿಮಾ ನೋಡಿದರೂ ಏನೂ ಆಗದು. "ಪಿತ್ತ ಆಗೇತ್ರೀ, ಕರದಿದ್ದು ಭಾಳ ತಿಂತಾನ" ಎಂದರು ತಾಯಿ. ನಾವೂ ಹಾಗೆಯೇ ಎಣಿಸಿ ಔಷಧ ಕೊಟ್ಟೆವು, ಗುಣ ಕಾಣಲಿಲ್ಲ. ಎರಡನೆಯ ಸಲ ಬಂದಾಗ ಮೊಬೈಲು ತರಿಸಿ, ನಮ್ಮೆದುರಿಗೇ ಆಡಿಸಿ ನೋಡಿದೆವು.

ಪರದೆಯ ಮೇಲೆ ನಿಜವಾಗಿ ಯಾವುದೂ ಚಲಿಸುವುದಿಲ್ಲ. ಸ್ಥಿರಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ಅವುಗಳಿಂದ ಚಲನೆಯನ್ನು ಕಟ್ಟಿಕೊಳ್ಳುವುದು ನಮ್ಮ ಮಿದುಳು. ಜರ್ಮನಿಯಲ್ಲಿ ಮ್ಯಾಕ್ಸ್ ವರ್ತೈಮರ್ ಇಂಥ ತೋರಿಕೆಯ ಚಲನೆಯ ಕುರಿತ ತಮ್ಮ ಪ್ರಯೋಗಗಳನ್ನು 1912ರಲ್ಲಿ ಪ್ರಕಟಿಸಿದರು. ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರ ಸಾಕಾಗುತ್ತದೆ. ಓಡುವ ಎತ್ತನ್ನು ಕ್ಯಾಮೆರಾ ಸೆರೆಹಿಡಿಯುವಾಗ ಅದು ತುಸು ಮಸುಕಾಗಿ, ಎಳೆದಂತೆ ಮೂಡುತ್ತದೆ. ಆ ಮಸುಕೇ ಒಂದು ಚಿತ್ರವನ್ನು ಮುಂದಿನದಕ್ಕೆ ಬೆಸೆಯುತ್ತದೆ. ಆಟದ ಚಿತ್ರವಾದರೋ ಆಡುವವನ ಬೆರಳನ್ನು ಅನುಸರಿಸಿ ಆ ಕ್ಷಣಕ್ಕೆ ಲೆಕ್ಕ ಹಾಕಿ ಬಿಡಿಸಿದ್ದು, ಬಹುಮಟ್ಟಿಗೆ ಮಸುಕಿಲ್ಲದ್ದು. ಆದ್ದರಿಂದ ಅಲ್ಲಿ 24 ಕುಂಟುತ್ತದೆ, 60 ಹಿತವೆನಿಸುತ್ತದೆ. ಆಗ ಒಂದೊಂದು ಚಿತ್ರಕ್ಕೆ ಸಿಗುವುದು ಸುಮಾರು 17 ಮಿಲಿಸೆಕೆಂಡು ಮಾತ್ರ.

ಆದರೆ ಸಂಖ್ಯೆಗಿಂತ ಲಯ ದೊಡ್ಡದು. ಮೊಬೈಲು ಬಿಸಿಯಾಗಿ ದಣಿದಾಗ ಒಂದು ಚಿತ್ರ 17 ಮಿಲಿಸೆಕೆಂಡಿಗೆ ಬಂದರೆ ಮುಂದಿನದು 50ಕ್ಕೆ ಬರುತ್ತದೆ. ಭಜನೆಯಲ್ಲಿ ತಾಳ ತಪ್ಪಿದರೆ ಸಂಗೀತ ಕಲಿಯದವರಿಗೂ ತಿಳಿಯುವುದಷ್ಟೆ? ಕಣ್ಣಿಗೂ ಹಾಗೆಯೇ. ಏರಿಳಿಯುವ 45ಕ್ಕಿಂತ ಸಮವಾಗಿ ಬರುವ 30 ಎಷ್ಟೋ ಸಲ ಮೇಲು. ಅಂಗಡಿಯವರು ಹೇಳುವ 90, 120ರ ಲೆಕ್ಕಕ್ಕೆ ಮರುಳಾಗಬೇಕಿಲ್ಲ. ಪರದೆಗೆ ಆ ಶಕ್ತಿ ಇದ್ದರೂ ಅಷ್ಟು ಚಿತ್ರಗಳನ್ನು ಒಳಗಿನ ಯಂತ್ರ ಒದಗಿಸಬೇಕಲ್ಲ!

ಇನ್ನು ವಾಕರಿಕೆ. ಜಾಂಬೋಟಿ ದಾಟಿ ಚೋರ್ಲಾ ಘಾಟಿನಲ್ಲಿ ಬಸ್ಸಿನೊಳಗೆ ಪುಸ್ತಕ ಓದಿದವರಿಗೆ ಇದರ ಅನುಭವ ಉಂಟು. ಒಳಗಿವಿ "ಚಲಿಸುತ್ತಿದ್ದೇವೆ" ಎನ್ನುತ್ತದೆ, ಪುಸ್ತಕದ ಮೇಲಿನ ಕಣ್ಣು "ಇಲ್ಲ" ಎನ್ನುತ್ತದೆ. ಆಟದಲ್ಲಿ ಇದು ತಿರುವುಮುರುವು: ಕಣ್ಣಿಗೆ ಓಟ, ಒಳಗಿವಿಗೆ ನಿಶ್ಚಲತೆ. ಬೆರಳು ಹೊರಳಿಸಿದ ಮೇಲೆ ಚಿತ್ರ ತಡವಾಗಿ ತಿರುಗಿದರೆ ಗೊಂದಲ ಇನ್ನಷ್ಟು. ಇಂದ್ರಿಯಗಳು ವಿಷಯಗಳೊಡನೆ ಕೂಡುವಲ್ಲಿ ಅತಿಯೋಗ, ಅಯೋಗ, ಮಿಥ್ಯಾಯೋಗಗಳು ರೋಗಕ್ಕೆ ಕಾರಣವೆಂದು ಚರಕಸಂಹಿತೆ ಹೇಳುತ್ತದೆ. ಇದನ್ನು ನಾವು ಮಿಥ್ಯಾಯೋಗವೆಂದೇ ಎಣಿಸುತ್ತೇವೆ.

ಆ ಹುಡುಗನಿಗೆ ಆಟದ ಸೆಟ್ಟಿಂಗಿನಲ್ಲಿ ಚಿತ್ರದ ಅಂದವನ್ನು ಒಂದು ಮೆಟ್ಟಿಲು ಇಳಿಸಲು ಹೇಳಿದೆವು; ಯಂತ್ರದ ಹೊರೆ ಇಳಿದು ತಾಳ ಕೂಡುತ್ತದೆ. ದೃಶ್ಯ ಅಲುಗಾಡಿಸುವ ಸೌಲಭ್ಯವಿದ್ದರೆ ಅದನ್ನು ತೆಗೆಯಬೇಕು. ಕತ್ತಲಲ್ಲಿ, ಮುಖಕ್ಕೆ ಹತ್ತಿರ ಹಿಡಿದು ಆಡಬಾರದು. ವಾಕರಿಕೆ ಹುಟ್ಟಿದೊಡನೆ ನಿಲ್ಲಿಸಬೇಕು. ತಡೆದುಕೊಂಡು ಆಡಿದರೆ ಹೆಚ್ಚುತ್ತದೆ. ಹಸಿಶುಂಠಿ ವಾಕರಿಕೆಯನ್ನು ತುಸು ತಗ್ಗಿಸೀತು, ಮೊಬೈಲಿನ ತಾಳವನ್ನು ತಿದ್ದಲಾರದು. ಹದಿನೈದು ದಿನಗಳ ನಂತರ ಬಂದ ಹುಡುಗ, "ಈಗ ತಲಿ ತಿರಗೂದಿಲ್ರಿ, ಆದ್ರ ಕಾರು ಮೊದಲಿನಂಗ ಚಂದ ಕಾಣೂದಿಲ್ಲ" ಎಂದು ದೂರಿದ.

ಆಟವಿಲ್ಲದಾಗಲೂ ತಲೆ ಸುತ್ತಿದರೆ, ಒಂದು ಎರಡಾಗಿ ಕಂಡರೆ ಕಣ್ಣಿನ ತಜ್ಞರಿಗೆ ತೋರಿಸಬೇಕು. ಮಿನುಗುವ ಬೆಳಕಿಗೆ ಮಗು ಪ್ರಜ್ಞೆ ತಪ್ಪಿದರೆ ಅಥವಾ ಕೈಕಾಲು ಸೆಳೆದರೆ ಮನೆಮದ್ದಿಗೆ ಹೊತ್ತು ಕಳೆಯದೆ ಆ ದಿನವೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.