ಕಾರ್ಖಾನೆ ಅಡಿಯ ನೀರನ್ನು ನೋಡಿದವರು ಯಾರು?

ಭದ್ರಾವತಿ: ಊರಿನ ಯಾವ ಟೀ ಅಂಗಡಿಯಲ್ಲಿ ಕಾರ್ಖಾನೆ ಮಾತು ಬಂದರೂ ಎರಡೇ ಪ್ರಶ್ನೆ. ಮತ್ತೆ ಸರಿಯಾಗಿ ನಡೆಯುತ್ತಾ? ಹುಡುಗರಿಗೆ ಕೆಲಸ ಸಿಗುತ್ತಾ? ಕೇಳಬೇಕಾದ ಮೂರನೆಯದೊಂದಿದೆ: ಇಷ್ಟು ವರ್ಷ ಎಣ್ಣೆ ಬಳಸಿದ ಜಾಗದ ಕೆಳಗಿನ ನೀರು ಹೇಗಿದೆ?

1918ರಲ್ಲಿ ಹುಟ್ಟಿದ ಕಬ್ಬಿಣದ ಕಾರ್ಖಾನೆ ಮೊದಲು ಸೌದೆಯಿಂದ ಇದ್ದಿಲು ಮಾಡುತ್ತಿತ್ತು. 1936ರಲ್ಲಿ ಸ್ಥಾಪನೆಯಾದ ಪೇಪರ್ ಮಿಲ್ಲಿನ ಯಂತ್ರಗಳು 2015ರಲ್ಲಿ ನಿಂತವು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಆಮೇಲೆ ಕೆಲಸ ಅಷ್ಟಿಷ್ಟು ಶುರುವಾಯಿತು. ಇಂಥ ಕಾರ್ಖಾನೆ ಎಂದ ಮೇಲೆ ಎಣ್ಣೆ ಟ್ಯಾಂಕು, ಡೀಸೆಲ್ ಲಾರಿ, ಗ್ಯಾರೇಜು ಇದ್ದದ್ದೇ. ಇಲ್ಲಿ ನೀರು ಕೆಟ್ಟಿದೆ ಎಂದಲ್ಲ. ಆದರೆ ಪರೀಕ್ಷೆ ಮಾಡದೆ ಚೆನ್ನಾಗಿದೆ ಅಂತಲೂ ಹೇಳೋ ಹಾಗಿಲ್ಲ.

ಮದರಾಸಿನ ಪಾಠ

ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಬೋರ್‌ವೆಲ್ ನೀರು ಪೆಟ್ರೋಲ್ ವಾಸನೆ ಹೊಡೆಯಿತು. ನೆಲದಡಿಯ ಎಣ್ಣೆ ಕೊಳವೆ ಸೋರಿತ್ತು. ಕಣ್ಣಿಗೆ ಕಾಣದ ಸೋರಿಕೆ ಗೊತ್ತಾದದ್ದು ಜನರ ಕೊಡದಲ್ಲಿ!

ಎಣ್ಣೆ ಮಣ್ಣಿನಲ್ಲಿ ಇಳಿದಿಳಿದು ಅಂತರ್ಜಲದ ಮೇಲೆ ತೇಲುತ್ತದೆ. ಮಳೆಗಾಲದಲ್ಲಿ ನೀರು ಏರಿದರೆ ಅದೂ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ; ದಾರಿಯುದ್ದಕ್ಕೂ ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಅದರಲ್ಲಿನ ಬೆಂಜೀನ್ ನೀರಿನಲ್ಲಿ ಕರಗುತ್ತದೆ. ಇದು ರಕ್ತದ ಕ್ಯಾನ್ಸರ್ ತರುವ ವಸ್ತು. ಕುಡಿಯುವ ನೀರಿನ ಒಂದು ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕಾಯಿಸಿ ಸೋಸಿದರೆ ಸಾಕು ಎನ್ನುವ ಮಾತು ಇಲ್ಲಿ ನಡೆಯದು.

ತೊಳೆಯುವುದು ಹೇಗೆ?

ಮೊದಲು ಸೋರಿಕೆ ನಿಲ್ಲಿಸಬೇಕು. ಸುತ್ತ ಪರೀಕ್ಷಾ ಬಾವಿ ತೋಡಿ ಎಣ್ಣೆ ಎಲ್ಲಿಯವರೆಗೆ ಹರಡಿದೆ ಎಂದು ನೋಡಬೇಕು. ತೇಲುವ ಎಣ್ಣೆಯನ್ನು ಪಂಪು ಹಾಕಿ ಎತ್ತಬೇಕು. ಉಳಿದ ನೀರನ್ನು ಮೇಲೆತ್ತಿ, ಗಾಳಿ ಊದಿ, ವಿಶೇಷ ಇದ್ದಿಲಿನಲ್ಲಿ ಹಾಯಿಸಬೇಕು. ಮಣ್ಣಿನಲ್ಲಿ ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳೂ ಉಂಟು. ಗಾಳಿ, ಗೊಬ್ಬರ ಕೊಟ್ಟರೆ ಅವೂ ದುಡಿಯುತ್ತವೆ. ಆದರೆ ಇದು ತಿಂಗಳ ಕೆಲಸವಲ್ಲ, ವರ್ಷಗಳ ಕೆಲಸ.

ಖರ್ಚು ಯಾರದು? ಕೆಡಿಸಿದವನದೇ ಎಂದು ಸುಪ್ರೀಂ ಕೋರ್ಟು 1996ರಲ್ಲೇ ರಾಜಸ್ಥಾನದ ಬಿಛ್ಡಿ ಗ್ರಾಮದ ಬಾವಿಗಳ ಮೊಕದ್ದಮೆಯಲ್ಲಿ ಹೇಳಿದೆ. ಕಲುಷಿತ ಜಾಗಗಳ ಬಗ್ಗೆ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮವನ್ನೇ ತಂದಿದೆ. ಅನುಮಾನದ ಜಾಗಗಳನ್ನು ಪಟ್ಟಿ ಮಾಡಿ ಪರೀಕ್ಷೆಗೆ ಒಪ್ಪಿಸುವ ಹೊಣೆ ಸ್ಥಳೀಯ ಆಡಳಿತದ್ದು.

ಹಳೇ ಕಾರ್ಖಾನೆಯ ಜಾಗಕ್ಕೆ ನಾಳೆ ಹೊಸ ಮಾಲೀಕರು ಬರಬಹುದು, ಮನೆಗಳೂ ಏಳಬಹುದು. ಬೇಲಿ ಕೀಳುವ ಮೊದಲು ನಾಲ್ಕು ಬಾವಿ ತೋಡಿ ನೀರು ನೋಡಿದರೆ ಹೋಗುವ ಗಂಟೇನು? ಚೆನ್ನಾಗಿದ್ದರೆ ಊರಿಗೆ ನೆಮ್ಮದಿ. ಕೆಟ್ಟಿದ್ದರೆ ಹಣ ಕೊಡಬೇಕಾದವರು ಕೈಗೆ ಸಿಗುವಾಗಲೇ ಗೊತ್ತಾಗಲಿ. ಜಿಲ್ಲಾಡಳಿತ ಇತ್ತ ಗಮನ ಹರಿಸುವುದೇ?